ಬೆಟ್ಟದಾಚೆಯ ಹೊಲಿಗೆ

ಆ ಶನಿವಾರ ಒಬ್ಬ ಗಂಡಸಿನ ಮೂರು ತಿಂಗಳ ಕಸೂತಿಯನ್ನು ನಾನು ನಲವತ್ತು ನಿಮಿಷದಲ್ಲಿ ಬಿಚ್ಚಿಹಾಕಿದೆ. ಹಗೆಯಿಂದಲ್ಲ. ಅವರ ಮೇಲೆ ಮನಸ್ಸಿದ್ದುದರಿಂದಲೇ ಹಾಗೆ ಮಾಡಿದೆ ಎಂದರೆ ಯಾರು ನಂಬುತ್ತಾರೆ?

ಬೆಳಿಗ್ಗೆ ಮಗಳನ್ನು ಮೊರಿಯೋಕದ ಬಸ್ಸು ಹತ್ತಿಸಿದ್ದೆ. ಫುಕಿಗೆ ಒಂಬತ್ತು ವರ್ಷ. ನಾನೂ ಅವಳಪ್ಪನೂ ಬೇರೆಯಾಗಿ ನಾಲ್ಕು ವರ್ಷವಾಯಿತು. ಎರಡು ತಿಂಗಳಿಗೊಮ್ಮೆ ಶನಿವಾರ ಹೋಗಿ ಭಾನುವಾರ ಸಂಜೆ ಬರುತ್ತಾಳೆ. ಆ ಕಡೆ ನಿಲ್ದಾಣದಲ್ಲಿ ಅಪ್ಪ ಕಾದಿರುತ್ತಾನೆ, ಹೊಸ ಹೆಂಡತಿ ಮತ್ತು ಕೂಸಿನೊಂದಿಗೆ.

"ಅಮ್ಮಾ, ಇಡೀ ದಿನ ಮಲ್ಗೇ ಇರ್ಬೇಡ. ಬರೀ ಬ್ರೆಡ್ ತಿನ್ಕೊಂಡು ಇರ್ಬೇಡ."

"ನೀನೇನು ನನ್ನ ಅತ್ತೇನಾ?"

"ಯಾರಾದ್ರೂ ಹೇಳ್ಬೇಕಲ್ಲ ನಿಂಗೆ!"

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ನನ್ನ ಕೈ ಮೇಲೇ ಇತ್ತು. ಇಳಿಸಿದಾಗ ತೋಳಿನ ಮೇಲೆ ಹಿಮ ಕೂತಿತ್ತು.

ವಾರದ ಐದು ದಿನ ನಾನು ಸೇಬು ವಿಂಗಡಿಸುವ ಶೆಡ್ಡಿನಲ್ಲಿ ನಿಂತಿರುತ್ತೇನೆ. ಬೆಲ್ಟಿನ ಮೇಲೆ ಬರುವ ಹಣ್ಣನ್ನು ಒಂದು ಸುತ್ತು ತಿರುಗಿಸಿ ನೋಡಿ, ಗಾಯವಾದದ್ದನ್ನು ಪಕ್ಕಕ್ಕೆ ಹಾಕುವುದು. ಒಂದು ದಿನ ಸುಮ್ಮನೆ ಕೂರಲು ಸಿಕ್ಕರೆ ಸಾಕಪ್ಪಾ ಎಂದು ಆ ಐದೂ ದಿನ ಅನಿಸುತ್ತದೆ. ಆ ದಿನ ಬಂದಾಗ ಮನೆಯಲ್ಲಿ ಒಂದೇ ಬಟ್ಟಲು ತೊಳೆದಿಟ್ಟು, ಇನ್ನೇನು ಮಾಡಲಿ ಎಂದು ನಿಂತಿರುತ್ತೇನೆ.

ಅದಕ್ಕೇ ಅಕ್ಟೋಬರಿನಲ್ಲಿ ಕಸೂತಿ ತರಗತಿಗೆ ಸೇರಿದ್ದು.

ಗಾಢ ನೀಲಿ ಬಟ್ಟೆ, ಬಿಳಿ ದಾರ. ನಮ್ಮ ತ್ಸುಗರು ಸೀಮೆಯ ಕೊಗಿನ್ ಕಸೂತಿಯಲ್ಲಿ ಬೇರೆ ಬಣ್ಣವಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿ ಹಾಕಬೇಕು. ಒಂದು, ಮೂರು, ಐದು. ಯಾವಾಗಲೂ ಬೆಸ. ಕಲಿಸುವ ನಾರಿತಾ ಸೆನ್ಸೇಗೆ ಎಪ್ಪತ್ತೆಂಟು. ಮೊದಲ ದಿನವೇ ಕತ್ತರಿ ಎತ್ತಿ ತೋರಿಸಿ ಹೇಳಿದ್ದರು: "ಸಮ ಸಂಖ್ಯೆ ಕಣ್ಣಿಗೆ ಬಿತ್ತೋ, ಬಿಚ್ಚಿ. ಯೋಚ್ನೆ ಮಾಡ್ತಾ ಕೂರ್ಬೇಡಿ. ಒಂದು ತಪ್ಪಿದ್ರೆ ಮೇಲಿಂದೆಲ್ಲಾ ತಪ್ಪು."

ನಕುಯಿ-ಸಾನ್ ಬಂದದ್ದು ನವೆಂಬರಿನಲ್ಲಿ, ಸಮುದಾಯ ಭವನದ ಸೀಮೆಎಣ್ಣೆ ಹೀಟರ್ ರಿಪೇರಿಗೆ. ರಿಪೇರಿ ಮುಗಿಯಿತು, ಮನುಷ್ಯ ಹೋಗಲಿಲ್ಲ. ಸೆನ್ಸೇ ಹತ್ತಿರ ಬಗ್ಗಿ ಏನೋ ಮೆಲ್ಲಗೆ ಕೇಳಿದರು. ಸೆನ್ಸೇ ಮುಖ ಗಂಟಿಕ್ಕಿ, ಆಮೇಲೆ ನಕ್ಕು, ಮೂಲೆ ತೋರಿಸಿದರು. ಮುಂದಿನ ಶನಿವಾರದಿಂದ ಅವರು ಆ ಮೂಲೆಯಲ್ಲಿ, ನಮಗೆ ಬೆನ್ನು ಮಾಡಿ, ಹೀಟರಿನ ಕಡೆ ಮುಖ ಮಾಡಿ ಕೂತು ಹೊಲಿಯತೊಡಗಿದರು.

ನಲವತ್ತು ದಾಟಿದ ಗಂಡಸು. ಸಲಿಕೆಯಂಥ ಕೈ. ಬಟ್ಟೆ ಮುಟ್ಟುವ ಮೊದಲು ಉಗುರಿನ ಕಪ್ಪು ಹೋಗುವವರೆಗೆ ಬ್ರಷ್ ಹಾಕಿ ತೊಳೆಯುತ್ತಿದ್ದರು. ನಾನು ಸೂಜಿಗೆ ದಾರ ಪೋಣಿಸುವಾಗ ಮಾತ್ರ ಅವರ ಕತ್ತು ಹೇಗೋ ಈ ಕಡೆ ತಿರುಗುತ್ತಿತ್ತು. ನಾನು ತಲೆ ಎತ್ತಿದರೆ, ಹೀಟರಿನ ಜ್ವಾಲೆ ಪರೀಕ್ಷಿಸುತ್ತಿರುವವರ ಹಾಗೆ ಮುಖ.

ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಎಂದು ನಾನು ಕೇಳಿರಲಿಲ್ಲ. ಕೇಳಿದರೆ ಆಸಕ್ತಿ ಇದೆ ಎಂದುಕೊಂಡುಬಿಟ್ಟಾರು. ಇತ್ತು, ಅದೇ ತಾನೇ ತೊಂದರೆ.

ಆ ಶನಿವಾರ ರಾತ್ರಿಯಿಡೀ ಸುರಿದ ಹಿಮಕ್ಕೆ ಊರು ಅರ್ಧ ಮುಳುಗಿತ್ತು. ಸೆನ್ಸೇ ಫೋನು ಮಾಡಿದರು.

"ಚಿಹರು, ನಮ್ಮ ಬಾಗ್ಲು ತೆಗ್ಯೋಕೇ ಆಗ್ತಿಲ್ಲ ಕಣೆ. ಸೊಂಟದ ತನಕ ಹಿಮ. ಬೇರೆಯವ್ರೂ ಬರಲ್ವಂತೆ. ಬೀಗದ ಕೈ ಕಚೇರೀಲಿದೆ, ಹೋಗೋ ಹುಚ್ಚಿದ್ರೆ ಹೋಗು. ನಾಳೆ ಹಳೇ ಹೊಲಿಗೆ ನೋಡೋಕೆ ಮ್ಯೂಸಿಯಂಗೆ ಹೋಗೋದು ಮಾತ್ರ ತಪ್ಪಿಸ್ಬೇಡ. ಎಲ್ರೂ ಹೊಲ್ದಿದ್ದು ತನ್ನಿ, ಅಲ್ಲೇ ನೋಡ್ತೀನಿ."

ಹುಚ್ಚಿತ್ತು, ಹೋದೆ. ಭವನದ ಮುಂದೆ ಒಬ್ಬರು ಆಗಲೇ ಸಲಿಕೆ ಹಿಡಿದು ದಾರಿ ಮಾಡುತ್ತಿದ್ದರು. ಟೋಪಿ, ಹುಬ್ಬು ಎಲ್ಲ ಬಿಳಿ.

"ಮಿಕಾಮಿ-ಸಾನ್, ನೀವು ಬರ್ತೀರಿ ಅಂತ ಗೊತ್ತಿತ್ತು," ಎಂದರು ನಕುಯಿ-ಸಾನ್.

"ಹೇಗೆ?"

"ಮನೇಲಿ ಯಾರೂ ಇಲ್ದಿದ್ದಾಗ ನಾನೂ ಹೀಗೇ ಎಲ್ಲಿಗಾದ್ರೂ ಬರ್ತೀನಿ."

ಮೈಮೇಲಿನ ಹಿಮ ಕೊಡವುವ ನೆಪದಲ್ಲಿ ನಾನು ಮುಖ ತಿರುಗಿಸಿದೆ.

ಇಬ್ಬರೇ. ಹೀಟರಿನ ಮೇಲೆ ಕೆಟಲ್ ಸುಯ್ಯೆನ್ನುತ್ತಿತ್ತು. ಅವರು ಮೂಲೆಯಲ್ಲಿ, ನಾನು ಮೇಜಿನಲ್ಲಿ. ನಡುವೆ ಆರು ಖಾಲಿ ಕುರ್ಚಿ.

"ಯಾರಿಗೆ ಹೊಲೀತಿದ್ದೀರಿ?" ಕಡೆಗೂ ಕೇಳಿಬಿಟ್ಟೆ.

"ಅಮ್ಮಂಗೆ. ಸೋಮವಾರ ಕೊಡ್ಬೇಕು."

"ಸೋಮವಾರ ಬರ್ತಾರಾ ಅವ್ರು?"

"ಇಲ್ಲ, ನಾನೇ ಹೋಗ್ತಿದ್ದೀನಿ. ಇಲ್ಲಿ ಕೆಲಸ ಮುಗೀತು. ಹಚಿನೊಹೆ ಆಫೀಸಿಗೆ ವಾಪಸ್ಸು."

ದಾರ ಎಳೆಯುತ್ತಿದ್ದ ನನ್ನ ಕೈ ನಿಂತಿತು. ಹಚಿನೊಹೆ ಹಕ್ಕೋದಾ ಬೆಟ್ಟದ ಆಚೆ. ಅಂದರೆ ಮುಂದಿನ ಶನಿವಾರ ಆ ಮೂಲೆಯಲ್ಲಿ ಬರಿ ಹೀಟರು.

"ಒಳ್ಳೇದಾಯ್ತು. ಅಲ್ಲಿ ಹಿಮ ಕಮ್ಮಿ," ಎಂದೆ.

"ಕಮ್ಮಿ," ಎಂದರು. ಇನ್ನೇನೋ ಹೇಳಲು ಈ ಕಡೆ ತಿರುಗಿದರು. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ದೇವಸ್ಥಾನದ ಬೀದಿಯಲ್ಲಿ ವಯಸ್ಸಾದ ದಂಪತಿಯ ಹೀಟರ್ ಕೆಟ್ಟಿದೆಯಂತೆ. ಈ ಚಳಿಯಲ್ಲಿ ಅದು ಕಾಯುವ ಕೆಲಸವಲ್ಲ. "ಒಂದು ಗಂಟೇಲಿ ಬಂದೆ. ಹೋಗ್ಬಿಡ್ಬೇಡಿ," ಎಂದು ಬಟ್ಟೆಯನ್ನು ಕುರ್ಚಿಯ ಮೇಲಿಟ್ಟು ಓಡಿದರು.

ನಾನು ಎದ್ದು ಹೋಗಿ ನೋಡಿದೆ. ನೋಡಬಾರದಿತ್ತು.

ಎರಡು ಅಂಗೈ ಅಗಲದ ಕಸೂತಿ. ನಮ್ಮ ಕೊಗಿನ್‌ನಲ್ಲಿ ವಜ್ರದಾಕಾರಗಳು ನೆಟ್ಟಗೆ ನಿಂತಿರುತ್ತವೆ. ಇವರದರ ಮೇಲೆ ಯಾರೋ ಕೂತು ಎದ್ದುಹೋದ ಹಾಗೆ ಅಡ್ಡಡ್ಡ ಚಪ್ಪಟೆ. ಎಳೆ ಎಣಿಸಿದೆ. ಎರಡು. ನಾಲ್ಕು. ಆರು. ಕೆಳಗಿನ ಸಾಲು: ನಾಲ್ಕು, ಎಂಟು. ಅಯ್ಯೋ ದೇವರೇ! ಒಂದಾದರೂ ಬೆಸ ಇದ್ದರೆ ಕೇಳಿ.

ನಾಳೆ ಮ್ಯೂಸಿಯಂನಲ್ಲಿ ಎಲ್ಲರೆದುರು ಸೆನ್ಸೇ ಇದನ್ನು ಎತ್ತಿ ಹಿಡಿಯುವುದನ್ನು ಊಹಿಸಿಕೊಂಡೆ. ಅವರ ಕೊನೆಯ ದಿನ. ಆ ದೊಡ್ಡ ಕೈಗಳು ಎಲ್ಲಿ ಅಡಗಿಕೊಂಡಾವು?

ಕತ್ತರಿ ತೆಗೆದುಕೊಂಡೆ.

ಬಿಚ್ಚುವಾಗ ಅವರಿಗೆ ಸಿಟ್ಟು ಬರಬಹುದೆಂದು ಹೊಳೆಯಲೇ ಇಲ್ಲ. ಸೋಮವಾರ ಎಂಬುದೊಂದೇ ತಲೆಯಲ್ಲಿತ್ತು. ಬಿಳಿ ದಾರದ ತುಂಡುಗಳು ಮಡಿಲಲ್ಲಿ ಬೀಳುತ್ತಿದ್ದವು. ಹೊಲಿಗೆ ಹೋದ ಜಾಗದಲ್ಲಿ ಸಣ್ಣ ತೂತುಗಳ ಸಾಲು ಉಳಿಯುತ್ತಿತ್ತು. ಉಗುರಿನಿಂದ ಉಜ್ಜಿ ಉಜ್ಜಿ ಮುಚ್ಚಿದೆ. ಕೆಳಗೆ ಎರಡು ಬೆರಳಗಲದ ಪಟ್ಟಿ ಉಳಿದಿರುವಾಗ ಬಾಗಿಲು ಸರಿಯಿತು.

ನಕುಯಿ-ಸಾನ್ ಒಳಗೆ ಬಂದು ನಿಂತರು. ನನ್ನ ಮಡಿಲು ನೋಡಿದರು.

"ಓ," ಎಂದರು.

"ಎಲ್ಲಾ ತಪ್ಪಾಗಿತ್ತು, ನಕುಯಿ-ಸಾನ್. ಎಲ್ಲಾ ಸಮ. ಮೂರು ತಿಂಗಳಿಂದ ಯಾರೂ ಹೇಳ್ಲಿಲ್ವಾ ನಿಮ್ಗೆ?"

"ಎಲ್ಲಾನೂ ತಪ್ಪಾ?"

"ಒಂದೂ ಸರಿ ಇರ್ಲಿಲ್ಲ. ಬೇಜಾರು ಮಾಡ್ಕೋಬೇಡಿ. ನಾನೂ ಮೊದ್ಲು ಹೀಗೇ ಎಣಿಸ್ತಿದ್ದೆ."

ಅವರು ತುಸು ಹೊತ್ತು ಬಟ್ಟೆಯನ್ನೇ ನೋಡಿದರು. ಮುಖದಲ್ಲಿ ಏನೋ ಬಂದು ಹೋಯಿತು. ಆಮೇಲೆ ಖಾಲಿ ಕುರ್ಚಿಗಳನ್ನು ದಾಟಿ ಬಂದು ನನ್ನ ಪಕ್ಕದ್ದನ್ನೇ ಎಳೆದುಕೊಂಡು ಕೂತರು. ಮೈಯಿಂದ ಹಿಮದ, ಸೀಮೆಎಣ್ಣೆಯ ವಾಸನೆ.

"ಹಾಗಾದ್ರೆ ಹೇಳ್ಕೊಡಿ."

ಹೇಳಿಕೊಟ್ಟೆ. ಮೂರು ಎಳೆ ಮೇಲೆ, ಒಂದು ಕೆಳಗೆ. ಅವರ ಸೂಜಿ ಮೂರರ ಹತ್ತಿರ ಬಂದು, ತಾನಾಗಿಯೇ ನಾಲ್ಕಕ್ಕೆ ಜಾರುತ್ತಿತ್ತು.

"ಏನ್ರೀ, ಸ್ಕೂಲಲ್ಲಿ ಗಣಿತದಲ್ಲಿ ಎಷ್ಟು ಬರ್ತಿತ್ತು ನಿಮ್ಗೆ?"

"ನೂರಕ್ಕೆ ನೂರು."

"ಸುಳ್ಳು!"

"ಟೀಚರ್ ಇಷ್ಟು ಹತ್ರ ಕೂತಿರ್ಲಿಲ್ಲ."

ನಾನು ಹುಸಿಕೋಪದಿಂದ ಬಟ್ಟೆ ಕಿತ್ತುಕೊಂಡೆ. ಒಂದು ಪುಟ್ಟ ವಜ್ರವನ್ನು ನಾನೇ ಹೊಲಿದು ತೋರಿಸಿದೆ, ಒಂದು, ಮೂರು, ಐದು, ಮತ್ತೆ ಇಳಿಮುಖವಾಗಿ. ಅವರು ಸೂಜಿ ನೋಡುತ್ತಿರಲಿಲ್ಲ. ನೋಡದೆಯೂ ಅದು ನನಗೆ ಗೊತ್ತಾಗುತ್ತಿತ್ತು. ಕಿವಿ ಬಿಸಿಯಾಗಿತ್ತು. ಇನ್ನೊಂದು ವಜ್ರ ಹೊಲಿದಿದ್ದರೆ ಏನಾದರೂ ಹೇಳಿಬಿಡುತ್ತಿದ್ದೆನೇನೋ. ಆದರೆ ನಾಲ್ಕಕ್ಕೆ ಭವನ ಮುಚ್ಚುವ ಗಂಟೆ ಬಾರಿಸಿತು.

ಆ ಸಂಜೆ ಮನೆಯಲ್ಲಿ ಬ್ರೆಡ್ಡನ್ನೇ ತಿಂದೆ.

*

ಭಾನುವಾರ ಆಕಾಶ ತೆರೆದಿತ್ತು. ಸೆನ್ಸೇ ಕೋಲೂರಿಕೊಂಡು ಮ್ಯೂಸಿಯಂ ಬಾಗಿಲಲ್ಲಿ ನಿಂತಿದ್ದರು. ಉಳಿದವರೆಲ್ಲ ಮನೆ ಮಾಡಿನ ಹಿಮ ಇಳಿಸುವುದರಲ್ಲಿ ಸಿಕ್ಕಿಕೊಂಡಿದ್ದರಂತೆ. ಬಂದವರು ನಾನು, ನಕುಯಿ-ಸಾನ್, ಅಷ್ಟೆ.

ಒಳಗೆ ನಮ್ಮ ಪ್ರಾಂತದ ಹಳೆಯ ಹೊಲಿಗೆಗಳ ಪ್ರದರ್ಶನ. ಮಬ್ಬು ಬೆಳಕಿನಲ್ಲಿ ನೂರೈವತ್ತು ವರ್ಷದ ಮೇಲಂಗಿಗಳು ತೋಳು ಚಾಚಿ ನಿಂತಿದ್ದವು, ಒಳಗೆ ಯಾರೂ ಇಲ್ಲದೆ.

"ಈ ಭುಜ ನೋಡು," ಎಂದರು ಸೆನ್ಸೇ. "ಬುಟ್ಟಿ ಹೊತ್ತು ಹೊತ್ತು ಸವ್ದಿದೆ. ಸವ್ದಿದ್ರ ಮೇಲೇ ಆ ಕಾಲದ ಹೆಂಗ್ಸು ಮತ್ತೆ ಹೊಲ್ದಿದ್ದಾಳೆ. ಚಂದಕ್ಕಲ್ಲ ಕಣೆ. ರೈತರು ಹತ್ತಿ ಬಟ್ಟೆ ಹಾಕ್ಬಾರ್ದು ಅಂತ ಆಗ ದೊರೆಗಳ ಕಟ್ಟಪ್ಪಣೆ. ಸೆಣಬಿನ ಬಟ್ಟೇಲಿ ಗಾಳಿ ನುಗ್ಗುತ್ತಲ್ಲ, ಒಂದೊಂದೇ ತೂತು ಮುಚ್ಚಿದ್ದು."

ನಕುಯಿ-ಸಾನ್ ಮುಂದಿನ ಕೋಣೆಗೆ ಹೋಗಿದ್ದರು. ನಾನು ಅವರ ಹಿಂದೆ ಹೋಗಲಿಲ್ಲ, ಹೋಗದೆಯೂ ಇರಲಿಲ್ಲ. ಒಂದೊಂದು ಗಾಜಿನ ಮುಂದೆ ಅರ್ಧ ಗಳಿಗೆ ನಿಲ್ಲುತ್ತಾ ಆ ಕಡೆಗೇ ಜಾರುತ್ತಿದ್ದೆ. ಕೊನೆಯ ಗಾಜಿನ ಮುಂದೆ ಕಾಲು ನಿಂತುಬಿಟ್ಟಿತು.

ಒಂದು ಏಪ್ರನ್. ತಿಳಿ ನೀಲಿ ಬಟ್ಟೆ. ತುಂಬ ವಜ್ರಗಳು, ಅಡ್ಡಡ್ಡ ಚಪ್ಪಟೆ. ಯಾರೋ ಕೂತು ಎದ್ದುಹೋದ ಹಾಗೆ.

ಮೂಗು ಗಾಜಿಗೆ ತಾಗಿಸಿ ಎಣಿಸಿದೆ. ಎರಡು. ನಾಲ್ಕು. ಆರು. ಕಾವಲಿನ ಹುಡುಗಿ ಕೆಮ್ಮಿದಳು.

"ಸೆನ್ಸೇ, ಇದು... ಇದೆಲ್ಲಾ ಸಮ ಸಂಖ್ಯೆ!"

"ಮತ್ತೇನು? ಬೆಟ್ಟದ ಆಚೆಯವ್ರ ಹೊಲಿಗೆ. ನಾವು ಬೆಸ, ಅವ್ರು ಸಮ. ನಾನೂರು ವರ್ಷದಿಂದ ಅವ್ರಿಗೂ ನಮ್ಗೂ ಯಾವ್ದ್ರಲ್ಲೂ ಆಗಿ ಬಂದಿಲ್ಲ, ಇದ್ರಲ್ಲಿ ಆಗುತ್ತಾ?" ಸೆನ್ಸೇ ನಕ್ಕರು. "ನಕುಯಿ ಮೊದಲನೇ ದಿನಾನೇ ಬಂದು ಕೇಳ್ದ, ನಮ್ಮ ಕಡೆ ಹೊಲಿಗೆ ಹಾಕಿದ್ರೆ ನಿಮ್ಗೆ ಕೋಪ ಬರುತ್ತಾ ಅಂತ. ಬರುತ್ತೆ, ಬೆನ್ನು ಮಾಡಿ ಕೂತ್ಕೋ ಅಂದೆ."

ನಾನು ಗಾಜಿನಿಂದ ಹಿಂದೆ ಸರಿದೆ.

"ಪಾಪ, ಅವನ ಅಮ್ಮಂಗೆ ಕಣ್ಣು ಪೂರ್ತಿ ಹೋಗಿದೆಯಂತೆ. ವೃದ್ಧಾಶ್ರಮದಲ್ಲಿದ್ದಾಳೆ. ಹೊಲಿಗೇನ ಬೆರಳಲ್ಲಿ ಮುಟ್ಟಿ ಎಣಿಸ್ತಾಳಂತೆ. ಅವಳು ಕಲಿಸಿದ್ದ ನಕ್ಷೆನೇ ಇವ್ನು ಹೊಲಿದು... ಏನೇ? ಯಾಕೇ ಹಾಗೆ ಬಿಳಿಚಿಕೊಂಡೆ?"

ನಕುಯಿ-ಸಾನ್ ಇದ್ದ ಕೋಣೆಗೆ ಹೊರಟೆ.

ಅವರು ಉದ್ದನೆಯ ಕಿಟಕಿಯ ಮುಂದೆ ಬೆಂಚಿನ ಮೇಲೆ ಕೂತಿದ್ದರು. ಹೊರಗೆ ಅಂಗಳದ ತುಂಬ ಯಾರೂ ತುಳಿಯದ ಹಿಮ. ಹೋಗಿ ಮುಂದೆ ನಿಂತೆ.

"ಯಾಕೆ ಹೇಳ್ಲಿಲ್ಲ?"

ನನ್ನ ಮುಖ ನೋಡಿದೊಡನೆ ಅವರಿಗೆ ಗೊತ್ತಾಯಿತು. "ಏಪ್ರನ್ ನೋಡಿದ್ರಾ? ಅದು ನಮ್ಮೂರಿನ ಹತ್ರದ್ದೇ."

"ನಗ್ಬೇಡಿ! ನಿಮ್ಮಮ್ಮಂಗೆ ಕೊಡೋದು... ಮೂರು ತಿಂಗ್ಳು... ನಾನು ಕತ್ರಿ ಹಿಡ್ಕೊಂಡು ದೊಡ್ಡ ಮೇಷ್ಟ್ರ ಹಾಗೆ... ಗಣಿತದಲ್ಲಿ ಎಷ್ಟು ಬರ್ತಿತ್ತು ಅಂತ ಬೇರೆ!"

"ನೂರು ಅಂದ್ನಲ್ಲ. ನೀವು ನಂಬ್ಲಿಲ್ಲ."

ನನಗೆ ಅಳು ಬಂತು. ಅವರು ಗಾಬರಿಯಾಗಿ ಎದ್ದು, ಏನು ಮಾಡಬೇಕೆಂದು ತಿಳಿಯದೆ, ಕೈಗವಸನ್ನೇ ಚಾಚಿದರು. ಕಣ್ಣು ಒರೆಸಿಕೊಂಡೆ. ಉಣ್ಣೆ ಚುಚ್ಚಿತು.

"ನೀವು ಬರೋಷ್ಟ್ರಲ್ಲಿ ಹೆಚ್ಚೂಕಮ್ಮಿ ಎಲ್ಲಾ ಬಿಚ್ಚಾಗಿತ್ತು," ಎಂದೆ. "ಒಂದು ಹತ್ತು ನಿಮಿಷ ಮುಂಚೆ ಬಂದಿದ್ರೆ ಅರ್ಧ ಆದ್ರೂ ಉಳೀತಿತ್ತು."

ಅವರು ಕಿಟಕಿಯ ಕಡೆ ತಿರುಗಿದರು.

"ಬಂದಿದ್ದೆ."

"ಏನು?"

"ಮುಂಚೇನೇ ಬಂದಿದ್ದೆ. ಬಾಗಿಲಿನ ಗಾಜಿನಾಚೆ ನಿಂತಿದ್ದೆ. ಆಗಿನ್ನೂ ಅರ್ಧ ಇತ್ತು. ನೀವು ತುಟಿ ಕಚ್ಕೊಂಡು, ಒಂದೊಂದು ತೂತಾನೂ ಉಗುರಲ್ಲಿ ಉಜ್ಜಿ ಮುಚ್ತಿದ್ರಿ." ಅವರ ದನಿ ಬಹಳ ಮೆಲ್ಲಗಾಯಿತು. "ನಿಲ್ಲಿಸ್ಬೇಕು ಅಂತ ಬಾಗಿಲಿಗೆ ಕೈ ಹಾಕ್ದೆ. ಆಮೇಲೆ ಅನ್ನಿಸ್ತು, ನನ್ನ ತಪ್ಪು ತಿದ್ದೋಕೆ ಅಂತ ಯಾರಾದ್ರೂ ಹೀಗೆ ಕೂತು ಎಷ್ಟು ವರ್ಷ ಆಯ್ತು? ಇನ್ನೊಂದು ಸ್ವಲ್ಪ ನೋಡೋಣ, ಇನ್ನೊಂದು ಸಾಲು ಅಂತ ನಿಂತೆ. ಬೂಟಲ್ಲಿ ನೀರಾಯ್ತು, ಗೊತ್ತೇ ಆಗ್ಲಿಲ್ಲ."

ಕೋಣೆಯಲ್ಲಿ ಯಾರೂ ಇರಲಿಲ್ಲ. ಎಲ್ಲೋ ಮಾಡಿನಿಂದ ಹಿಮ ಜಾರಿ ಧೊಪ್ಪೆಂದು ಬಿತ್ತು.

ಆಗ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಮೊರಿಯೋಕದಿಂದ ಬರುವ ಬಸ್ಸು, ನನ್ನ ಮಗಳು, ಒಮ್ಮೆ ಮುರಿದ ಮನೆ ಎಲ್ಲವೂ ಒಟ್ಟಿಗೆ ಬಂದು ಅಡ್ಡ ನಿಂತವು. ಬದಲಿಗೆ ಕೇಳಿದೆ:

"ಬಟ್ಟೆ ಕೊಡಿ. ನಾನು ಹಾಕಿದ್ದನ್ನ ಬಿಚ್ತೀನಿ. ಇರೋ ಹೊತ್ತಲ್ಲಿ ನಿಮ್ಮ ನಕ್ಷೆ ಒಂದಿಷ್ಟಾದ್ರೂ ಹಾಕೋಣ."

ಅವರು ಜೇಬಿನ ಮೇಲೆ ಕೈಯಿಟ್ಟುಕೊಂಡರು.

"ಬೇಡ. ಬಿಚ್ಚಿದ್ದು ಸಾಕು. ಹೀಗೇ ಕೊಡ್ತೀನಿ."

ಸೆನ್ಸೇಯನ್ನು ಮನೆಗೆ ಬಿಟ್ಟು, ನಾವಿಬ್ಬರೂ ಬಸ್ ನಿಲ್ದಾಣದವರೆಗೆ ನಡೆದೆವು. ಹಿಮದ ಗೋಡೆಗಳ ನಡುವೆ ಒಬ್ಬರಿಗಷ್ಟೇ ದಾರಿ. ಅವರು ಮುಂದೆ, ನಾನು ಅವರ ಬೂಟಿನ ಗುರುತಿನಲ್ಲಿ ಕಾಲಿಡುತ್ತಾ ಹಿಂದೆ. ಅವರ ಹೆಜ್ಜೆ ನನ್ನದಕ್ಕಿಂತ ಉದ್ದ. ಸ್ವಲ್ಪ ದೂರ ಹೋದ ಮೇಲೆ ಅದು ಗಿಡ್ಡವಾಯಿತು.

ನಿಲ್ದಾಣದಲ್ಲಿ ಅವರು ತಿರುಗಿ ನಿಂತರು. ಕಾದರು. ಕಾಯುತ್ತಿದ್ದಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ನಾಳೆ ರಸ್ತೆ ಜಾರುತ್ತೆ. ಗಾಡಿ ನಿಧಾನಕ್ಕೆ ಓಡ್ಸಿ," ಎಂದೆ.

"ಆಗ್ಲಿ," ಎಂದರು. ತಲೆ ಬಾಗಿಸಿದರು. ಹೋದರು.

ಐದು ಗಂಟೆಗೆ ಫುಕಿ ಬಸ್ಸಿನಿಂದ ಹಾರಿ ಇಳಿದಳು. "ಅಮ್ಮಾ, ಪಾಪೂಗೆ ಹಲ್ಲು ಬಂದಿದೆ! ಎರಡು!" ನನ್ನ ಮುಖವನ್ನೇ ನೋಡುತ್ತಾ ಮಾತು ನಿಲ್ಲಿಸಿದಳು. "ಯಾಕಮ್ಮಾ? ಬ್ರೆಡ್ ತಿಂದ್ಯಾ?"

"ತಿಂದೆ," ಎಂದು ಅವಳ ಟೋಪಿ ಎಳೆದು ಸರಿಮಾಡಿದೆ.

*

ಸೋಮವಾರ ಹೋಯಿತು. ಮಂಗಳವಾರ ಮಧ್ಯಾಹ್ನ ಬೆಲ್ಟು ನಿಲ್ಲಿಸಿ, ಶೆಡ್ಡಿನ ಹಿಂಬಾಗಿಲಲ್ಲಿ ಪೆಟ್ಟಿಗೆಯ ಮೇಲೆ ಕೂತು ಅನ್ನದ ಉಂಡೆಯ ಪೊಟ್ಟಣ ಬಿಚ್ಚುತ್ತಿದ್ದೆ. ಫೋನು ಅದುರಿತು.

"ಚಿಹರು-ಸಾನ್."

ಮಿಕಾಮಿ ಎಂಬ ಮನೆತನದ ಹೆಸರು ಬಿಟ್ಟು ನನ್ನ ಹೆಸರು ಹಿಡಿದು ಅವರು ಯಾವತ್ತೂ ಕರೆದಿರಲಿಲ್ಲ.

"ಅಮ್ಮನ ಹತ್ರ ಇದ್ದೀನಿ. ನಿನ್ನೆ ಆಗ್ಲಿಲ್ಲ, ಈಗ ಬಟ್ಟೆ ಕೊಟ್ಟೆ. ಕೆಳಗಿಂದ ಎಣಿಸ್ಕೊಂಡು ಬಂದ್ರು. ನಾಲ್ಕು, ಆರು, ನಾಲ್ಕು, ಚೆನ್ನಾಗಿ ಹಾಕಿದ್ದೀಯ ಅಂದ್ರು. ಆಮೇಲೆ ಬೆರಳು ನಿಮ್ಮ ವಜ್ರದ ಮೇಲೆ ಬಂತು."

"ಬೈದ್ರಾ?"

"ಎರಡು ಸಲ ಎಣಿಸಿದ್ರು. ಮೂರನೇ ಸಲ ಅಂಗೈ ಇಟ್ಟು ಸುಮ್ನೆ ಕೂತ್ರು. ಆಮೇಲೆ ಕೇಳಿದ್ರು." ಅವರು ಗಂಟಲು ಸರಿಮಾಡಿಕೊಂಡರು. "ಇದು ನಿನ್ನ ಕೈ ಅಲ್ಲ, ಯಾರ ಕೈಯೋ ಇದು ಅಂತ. ಅರ್ಧ ಗಂಟೆಯಿಂದ ಅದನ್ನೇ ಕೇಳ್ತಿದ್ದಾರೆ. ನಾನು ಏನು ಹೇಳ್ಲಿ?"

ಹೊರಗೆ ಮತ್ತೆ ಹಿಮ ಶುರುವಾಗಿತ್ತು. ಸೇಬಿನ ತೋಟ, ರಸ್ತೆ, ಬೆಟ್ಟ ಎಲ್ಲ ಒಂದೊಂದಾಗಿ ಅಳಿಸಿಹೋಗುತ್ತಿದ್ದವು. ಒಳಗೆ ಯಾರೋ ನನ್ನನ್ನು ಕೂಗಿದರು, ಚಹಾ ಆರುತ್ತಿದೆ ಎಂದು. ನಾನು ಕೈಗವಸು ತೆಗೆದೆ. ಚಳಿಗೆ, ನೀರಿಗೆ ಒಡೆದ ಬೆರಳುಗಳು. ಅವುಗಳನ್ನೇ ನೋಡುತ್ತಾ, ಉಸಿರು ಬಿಡದೆ ಹೇಳಿದೆ.

"ಬೆಟ್ಟದ ಈಚೆಯವಳದ್ದು ಅಂತ ಹೇಳಿ. ಒಂಬತ್ತು ವರ್ಷದ ಮಗಳಿದ್ದಾಳೆ ಅಂತಾನೂ ಹೇಳಿ. ಅವಳಿಗೆ ನಿಮ್ಮ ಮಗ ಬೇಕಂತೆ, ಭಾನುವಾರ ಎದುರಿಗೇ ನಿಂತಿದ್ರೂ ಹೇಳೋಕಾಗ್ಲಿಲ್ವಂತೆ ಅಂತ ಹೇಳಿ."

ಆ ಕಡೆಯಿಂದ ಉಸಿರು ಮಾತ್ರ, ಅದೂ ಸರಿಯಾಗಿ ಬರುತ್ತಿರಲಿಲ್ಲ.

ಅಷ್ಟರಲ್ಲಿ ಫೋನಿನ ದೂರದಿಂದ ಒಂದು ಮುದಿ ದನಿ, ಜೋರಾಗಿ, ಅಸಹನೆಯಿಂದ:

"ಏನಂತೋ? ಯಾಕೋ ಅಳ್ತಿದ್ದೀಯ? ಕೊಡೋ ಇಲ್ಲಿ ಆ ಫೋನ್ನ!"